ಬಿಚ್ಚಲಾಗಿದೆ, ಹಾರಿಸಬೇಡಿ

ಮಂಗಳವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ದೂರು ಬಂತು. ತಂದವರು, ಮುಳುಗಿಹೋದ ಅಗ್ಗದ ವಿಮಾನ ಕಂಪನಿಯ ಆಸ್ತಿ ಮಾರಲು ಕೋರ್ಟು ನೇಮಿಸಿದ ಅಧಿಕಾರಿ. ಶೆಡ್ಡಿನಲ್ಲಿ ನಿಂತಿದ್ದ ಕೊನೆಯ ವಿಮಾನದ ಮುಂಚಕ್ರದ ಕಾಲಿನಿಂದ ಒಂದು ಉಕ್ಕಿನ ಕೊಂಡಿಯನ್ನು ಯಾರೋ ಬಿಚ್ಚಿ ಒಯ್ದಿದ್ದರು. ಕೊಂಡವರು ಗುರುವಾರ ಆ ವಿಮಾನವನ್ನು ಹಾರಿಸಿಕೊಂಡು ಹೋಗುವವರಿದ್ದರು.

"ಅಷ್ಟರೊಳಗೆ ಸಿಗದಿದ್ರೆ ನನ್ನ ಮಾನ ಹೋಗತ್ತೆ ಮೇಡಂ."

"ಮೊದಲು ಎಫ್‌ಐಆರ್ ಆಗಲಿ. ಮಾನದ ವಿಚಾರ ಆಮೇಲೆ ನೋಡೋಣ," ಅಂದರು ಇನ್‌ಸ್ಪೆಕ್ಟರ್.

ಆ ಕಂಪನಿಯನ್ನು ಅವರಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಎರಡೇ ವಿಮಾನದಿಂದ ಶುರುವಾದದ್ದು. ಬಸ್ಸಿನ ದರಕ್ಕೆ ಟಿಕೆಟ್ಟು, ಕುಡಿಯುವ ನೀರು ಮನೆಯಿಂದಲೇ. ಸೊಪ್ಪು ಮಾರುವ ಅಜ್ಜಿಯರು, ಗಾರೆ ಕೆಲಸದವರು, ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ಆಕಾಶ ದೊಡ್ಡವರ ಸ್ವತ್ತೆಂದು ನಂಬಿದ್ದವರೆಲ್ಲ ಕಿಟಕಿಗೆ ಮೂಗು ಒತ್ತಿ ಮೋಡವನ್ನು ಮೇಲಿನಿಂದ ಕಂಡರು. ಇನ್‌ಸ್ಪೆಕ್ಟರ್ ತಮ್ಮ ತಾಯಿಯನ್ನು ಮೊದಲ ಸಲ ಹತ್ತಿಸಿದ್ದೂ ಆ ಕಂಪನಿಯ ವಿಮಾನಕ್ಕೇ. ಎರಡು ವಿಮಾನ ಮೂವತ್ತಾದವು. ಮೂವತ್ತಾದ ಮೇಲೆ ಮಾಲೀಕರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಧನದ ಬೆಲೆ ಏರಿತು, ಬಾಡಿಗೆಗೆ ಕೊಟ್ಟವರು ಬಂದು ಒಂದೊಂದೇ ವಿಮಾನವನ್ನು ಹಿಂದಕ್ಕೆ ಕರೆದೊಯ್ದರು. ಮೊದಲು ಕೊಂಡ ಸ್ವಂತದ್ದೊಂದು ಮಾತ್ರ, ಮದುವೆ ಮುಗಿದ ಮನೆಯ ಚಪ್ಪರದಂತೆ ಉಳಿಯಿತು.

11:15ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ಆಯಿತು. ಬೀಗ ಒಡೆದಿರಲಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಒರೆಸಿ, ಬಟ್ಟೆಯ ಚೀಲದಲ್ಲಿ ಹಾಕಿ, ಚಕ್ರದ ಪಕ್ಕದಲ್ಲೇ ಕಟ್ಟಲಾಗಿತ್ತು. ಕೊಂಡಿ ಇರಬೇಕಾದ ಕಡೆ ಕೆಂಪು ಚೀಟಿ ನೇತಾಡುತ್ತಿತ್ತು: 'ಬಿಚ್ಚಲಾಗಿದೆ. ಹಾರಿಸಬೇಡಿ. ಸೋಮವಾರ, ಮಧ್ಯಾಹ್ನ 1:20.' ಹೆಸರಿನ ಜಾಗ ಖಾಲಿ.

"ಎಂಥಾ ಕಳ್ಳ ಮೇಡಂ ಇವನು!" ದಫೇದಾರರು ಬೆರಗಾದರು. "ನಮ್ಮನೆ ನಲ್ಲಿ ರಿಪೇರಿಗೆ ಬರೋನಿಗೆ ಇವನ ಕೈಯಲ್ಲಿ ಪಾಠ ಹೇಳಿಸ್ಬೇಕು."

ಇನ್‌ಸ್ಪೆಕ್ಟರ್ ನಗಲಿಲ್ಲ. ಮಾರಿಕೊಳ್ಳಲು ಕದ್ದವನಿಗೆ ಚೀಟಿಯ ಉಸಾಬರಿ ಏಕೆ? ತಿಳಿಯದೆ ಯಾರಾದರೂ ಹಾರಿಸಿಬಿಟ್ಟಾರೆಂದು ಹೆದರಿದವನ ಕೆಲಸ ಇದು. ಚೀಟಿ ಕಟ್ಟಿದ ತಂತಿಯನ್ನು ಅವರು ಬಾಗಿ ನೋಡಿದರು. ಎರಡೆಳೆಯ ಹುರಿ, ಒಂದು ಸುತ್ತೂ ಹೆಚ್ಚುಕಮ್ಮಿಯಿಲ್ಲ. ಅದರ ಫೋಟೊ ತೆಗೆಸಿದರು.

ಮಧ್ಯಾಹ್ನ 2:30. ಕಂಪನಿಯ ಹಳೆಯ ಮೆಕ್ಯಾನಿಕ್‌ಗಳಲ್ಲಿ ಊರಲ್ಲಿದ್ದ ನಾಲ್ವರು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಒಬ್ಬ ಈಗ ಕ್ಯಾಬ್ ಓಡಿಸುತ್ತಿದ್ದ, ಒಬ್ಬ ಸೈಕಲ್ ಅಂಗಡಿಯಲ್ಲಿದ್ದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

ನಾಲ್ವರೂ ಹೇಳಿದರು. ನಾಲ್ಕಕ್ಕೂ ಸಾಕ್ಷಿಯಿತ್ತು.

"ಈ ತಂತಿ ಗಂಟು ನಿಮ್ಮಲ್ಲಿ ಯಾರದು?"

ಸೈಕಲ್ ಅಂಗಡಿಯವನು ಫೋಟೊ ಕಂಡದ್ದೇ ಅರಳಿಹೋದ. "ಅಯ್ಯೋ, ನಮ್ಮ ಕೈಲಿ ಇದಾಗತ್ತಾ ಮೇಡಂ! ನೋಡಿ, ಜಡೆ ಹೆಣೆದ ಹಾಗಿದೆ. ಇಡೀ ದೇಶ ಹುಡುಕಿದ್ರೂ ಹೀಗೆ ಹಾಕೋರು ನಮ್ಮ ತಂತಿ ಮೇಷ್ಟ್ರೊಬ್ರೇ..."

ಉಳಿದ ಮೂವರು ನೆಲ ನೋಡಿದರು. ಅವನ ಮುಖ ಸುಣ್ಣವಾಯಿತು. ಗುರುವನ್ನು ಹೊಗಳುವ ಆತುರದಲ್ಲಿ ಹಿಡಿದುಕೊಟ್ಟಿದ್ದ.

4:10ಕ್ಕೆ ಜೀಪು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮುಂದೆ ನಿಂತಿತು. ಕಂಪನಿಯ ಮುಖ್ಯ ಮೆಕ್ಯಾನಿಕ್ಕಾಗಿದ್ದ ತಂತಿ ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ಬನ್ನಿ. ನಾಳೆ ಬರ್ತೀರಿ ಅಂದ್ಕೊಂಡಿದ್ದೆ," ಅಂದರು. ಕೊಂಡಿಯನ್ನು ಬಚ್ಚಿಟ್ಟಿರಲಿಲ್ಲ. ಮೇಜಿನ ಮೇಲೇ ಬಿಳಿ ಬಟ್ಟೆಯಲ್ಲಿತ್ತು.

"ಒಳಗೆ ಹೇಗೆ ಹೋದ್ರಿ?"

"ಹಳೇ ಪಾಸು ತೋರಿಸ್ದೆ. ಕಾವಲಿನವನು ಪಾಸು ನೋಡ್ಲಿಲ್ಲ, ನಮಸ್ಕಾರ ಹೊಡೆದ. ಅವನನ್ನ ಬಿಟ್ಬಿಡಿ."

"ಯಾಕೆ ತಗೊಂಡ್ರಿ?"

ಮೇಷ್ಟ್ರು ಬಟ್ಟೆ ಸರಿಸಿದರು. ಕೊಂಡಿಯ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ. ಕಾಣಲೆಂದು ಅದಕ್ಕೆ ಕೆಂಪು ಬಣ್ಣ ಕುಡಿಸಿದ್ದರು.

"ಕಂಪನಿ ಮುಚ್ಚಿದ ದಿನ ಒರೆಸುವಾಗ ಕಂಡೆ. ಗುಜರಿಗೆ ಹೋಗೋದಲ್ವಾ ಅಂತ ಸುಮ್ನಾದೆ. ಗುರುವಾರ ಹಾರತ್ತಂತೆ ಅಂತ ಕೇಳಿದ ಮೇಲೆ ಅನ್ನ ಸೇರಲಿಲ್ಲ. ಇಳಿಯುವಾಗ ಇದು ಮುರಿದ್ರೆ ಚಕ್ರ ಅಡ್ಡ ತಿರುಗತ್ತೆ. ಒಳಗಿರೋರ ಗತಿ?"

"ಒಂದು ಪತ್ರ ಬರೀಬಹುದಿತ್ತು."

"ಬರೀಬಹುದಿತ್ತು." ಅವರು ಕೊಂಡಿಯ ಮೇಲೆ ಮತ್ತೆ ಬಟ್ಟೆ ಎಳೆದರು. "ಒಂಬತ್ತು ವರ್ಷ ತಾಯಿ. ಲಕ್ಷಾಂತರ ಜನ ಹತ್ತಿ ಇಳಿದ್ರು, ಒಬ್ಬರಿಗೂ ಒಂದು ಗೀರು ಆಗಲಿಲ್ಲ. ಈಗ ಊರೆಲ್ಲ ನಗತ್ತೆ, ಅಗ್ಗದ ಕಂಪನಿ, ಅಗ್ಗದ ವಿಮಾನ ಅಂತ. ಟಿಕೆಟ್ಟು ಅಗ್ಗ, ನಮ್ಮ ಕೆಲಸ ಅಗ್ಗ ಅಲ್ಲ. ಆ ಬಾಯಿಗಳಿಗೆ ಈ ಬಿರುಕನ್ನ ನಾನೇ ಉಣಿಸ್ಲಾ? ಕೊಂಡಿ ಕಳೆದುಹೋದ್ರೆ ಹೊಸದು ಹಾಕ್ಲೇಬೇಕು. ಹಾಕಿದ್ರೆ ನನ್ನ ವಿಮಾನ ರಾಣಿ ಹಾಗೆ ಹಾರತ್ತೆ. ನಾನು ಕಳ್ಳ ಅನ್ನಿಸಿಕೊಳ್ತೀನಿ, ಅಷ್ಟೆ. ಬಿರುಕಿನ ಮಾತು ನಿಮ್ಮ ಕಾಗದದಲ್ಲಿ ಬೇಡಮ್ಮ."

ಬಿರುಕು ಬರೆಯದಿದ್ದರೆ ಇವರು ಬರಿಯ ಕಳ್ಳ. ಬರೆದರೆ ಕೋರ್ಟು ಕರುಣೆಯಿಂದ ನೋಡೀತು, ಇವರ ವಿಮಾನಕ್ಕೆ ಕಲೆ ತಟ್ಟೀತು. ಇನ್‌ಸ್ಪೆಕ್ಟರ್ ಕೇಳಿದರು, "ಕಂಡ ದೋಷವನ್ನ ಬರೆಯದೆ ಬಿಟ್ಟದ್ದು ಇದುವರೆಗೆ ಎಷ್ಟು ಸಲ ಮೇಷ್ಟ್ರೇ?"

ಮುದುಕರು ಕನ್ನಡಕವನ್ನು ಮೂಗಿಗಿಳಿಸಿದರು. "ಇದೊಂದೇ."

ಆಮೇಲೆ ತಾವೇ ಎದ್ದು ಅಳತೆಪಟ್ಟಿ ತಂದರು. ಕೊಂಡಿಯನ್ನು ಬೆಳಕಿಗೆ ಹಿಡಿದರು. "ಬರ್ಕೊಳ್ಳಿ ದಫೇದಾರ್ರೇ. ಬಿರುಕು, ಹನ್ನೊಂದು ಮಿಲಿಮೀಟರ್. ಹನ್ನೆರಡು ಅಲ್ಲ, ಹನ್ನೊಂದು."

ವಶಪಡಿಸಿಕೊಂಡ ಪಂಚನಾಮೆ ಮುಗಿಯಿತು. 5:25ಕ್ಕೆ ದಸ್ತಗಿರಿ. ಹೊಸ ಕೊಂಡಿ ಕೂರಿಸುವವರೆಗೆ ವಿಮಾನ ಕದಲಬಾರದೆಂಬ ಪತ್ರ ಆ ಸಂಜೆಯೇ ಹೋಯಿತು. ಮೇಷ್ಟ್ರನ್ನು ಕಳ್ಳತನಕ್ಕೆ ಇಳಿಸಿದ್ದು ಆಸೆಯಲ್ಲ. ಕೈಹಿಡಿದ ಕೆಲಸವನ್ನು ಪೂಜೆಯಂತೆ ಮಾಡಿದವನಿಗೆ ಕೊನೆಯ ದಿನ ಅದು ಮೈಲಿಗೆಯಾಗುವುದನ್ನು ನೋಡಲಾಗಲಿಲ್ಲ.

ದಫೇದಾರರು ನಮೂನೆ ತುಂಬುತ್ತಿದ್ದರು. "ಉದ್ಯೋಗ... ಹೊಲಿಗೆ ಯಂತ್ರ ರಿಪೇರಿ, ಅಲ್ವಾ?"

"ವಿಮಾನ ಮೆಕ್ಯಾನಿಕ್."

"ಕಂಪನಿ ಮುಚ್ಚಿಹೋಯ್ತಲ್ಲ ಮೇಷ್ಟ್ರೇ."

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು. ದಫೇದಾರರು ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಅವರು ಹೇಳಿದ ಹಾಗೇ ಬರೀರಿ," ಅಂದರು ಇನ್‌ಸ್ಪೆಕ್ಟರ್.