ನಾನು ಕಡಜ ಎಂದ ಪತಂಗ

ಅವನು ಮೊದಲ ಸಲ ಬಂದಾಗ ನಾನು ನಮ್ಮ ಸಾರ್ ಕುರ್ಚಿಯಲ್ಲಿ ಕೂತಿದ್ದೆ. ಎಡವಟ್ಟೆಲ್ಲ ಅಲ್ಲಿಂದಲೇ ಶುರುವಾಯಿತು.

ಮ್ಯೂಸಿಯಂನ ಕೀಟ ವಿಭಾಗದಲ್ಲಿ ನನ್ನದು ಚೀಟಿ ಬರೆಯುವ ಕೆಲಸ. ಸೂಜಿ ಚುಚ್ಚಿಟ್ಟ ಪ್ರತಿಯೊಂದು ಹುಳದ ಕೆಳಗೂ ಉಗುರಿನಷ್ಟಗಲದ ಚೀಟಿ ಇರಬೇಕು; ಅದರಲ್ಲಿ ಹೆಸರು, ಸಿಕ್ಕ ಜಾಗ, ತಾರೀಖು. ಹೆಸರು ಹೇಳುವವರು ಕೀಟಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಮ್ಮ ಸಾರ್, ಬರೆಯುವವಳು ನಾನು. ಅಂದು ಸಾರ್ ಬಂದಿರಲಿಲ್ಲ. ಅವರ ಮೇಜಿನ ಬಳಿ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆಂದು ಭೂತಗನ್ನಡಿ ಹಿಡಿದು ಅಲ್ಲೇ ಕೂತುಬಿಟ್ಟಿದ್ದೆ.

"ಡಾಕ್ಟರ್ ಮೇಡಂ, ಒಳಗೆ ಬರ್ಲಾ?"

ತಲೆಯೆತ್ತಿದೆ. ಬಾಗಿಲಲ್ಲಿ ಎತ್ತರದ ಒಬ್ಬ ಮನುಷ್ಯ. ಪ್ಯಾಂಟಿನ ಮಂಡಿಯ ಮೇಲೆ ಮಣ್ಣಿನ ಎರಡು ದುಂಡನೆಯ ಕಲೆ, ಕೈಯಲ್ಲಿ ಮೊಬೈಲ್. ಎದುರು ರಸ್ತೆಯ ಆಸ್ಪತ್ರೆಯಲ್ಲಿ ತೋಟದ ಮಾಲಿ ಎಂದು ಹೇಳಿಕೊಂಡ.

"ಇದು ಹಕ್ಕಿನೋ ಹುಳಾನೋ ಅಂತ ನಮ್ಮ ವಾರ್ಡಲ್ಲಿ ದೊಡ್ಡ ಜಗಳ. ಡ್ರಿಪ್ ಹಾಕಿಸ್ಕೊಂಡವರೂ ಎದ್ದು ಕೂತು ಜಗಳ ಆಡ್ತಿದ್ದಾರೆ. ನೀವೇ ತೀರ್ಪು ಕೊಡ್ಬೇಕು."

ಫೋಟೊದಲ್ಲಿ ಕೆಂಪು ಪೆಂಟಾಸ್ ಹೂವಿನ ಗೊಂಚಲು. ಅದರ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ಸೊಂಡಿಲು ಚಾಚಿ ಮಕರಂದ ಹೀರುತ್ತಿದ್ದ ಕಂದು ಪತಂಗ. ಹಿಂದಿನ ವಾರವಷ್ಟೇ ಅಂಥ ಹದಿನೇಳಕ್ಕೆ ಚೀಟಿ ಬರೆದಿದ್ದೆ.

"ಹುಳಾನೇ. ಹಾಕ್ ಮಾತ್ ಅಂತಾರೆ. ಹಗಲಲ್ಲಿ ಹಾರೋ ಪತಂಗ."

"ನೋಡಿ, ಡಾಕ್ಟರ್ ಅಂದ್ರೆ ಡಾಕ್ಟರ್! ಒಂದೇ ನೋಟಕ್ಕೆ ಹೇಳ್ಬಿಟ್ರಿ."

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚಿಕೊಳ್ಳುತ್ತಿತ್ತು. ನಾನು ಡಾಕ್ಟರ್ ಅಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ನಗು ಇನ್ನೊಂದು ನಿಮಿಷ ಇರಲಿ ಎಂದು ನುಂಗಿಕೊಂಡೆ.

"ಇನ್ನೂ ಫೋಟೊ ತಂದ್ರೆ ಬೇಜಾರಿಲ್ವಾ?" ಎಂದ.

"ಗುರುವಾರ ಬನ್ನಿ," ಎಂದೆ. ಗುರುವಾರ ಸಾರ್ ಕಾಲೇಜಿಗೆ ಪಾಠ ಹೇಳಲು ಹೋಗುತ್ತಾರೆ. ಅಷ್ಟು ಲೆಕ್ಕಾಚಾರ ನನ್ನ ತಲೆಗೆ ಹೊಳೆದದ್ದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಗುರುವಾರಗಳು ಬಂದವು. ನಡುವಿನ ದಿನಗಳಲ್ಲಿ ವಾಟ್ಸಾಪಿನಲ್ಲಿ ಫೋಟೊಗಳು ಬರುತ್ತಿದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಡ್ರಾಯರುಗಳನ್ನೆಲ್ಲ ಎಳೆದು, ರೆಕ್ಕೆಯ ಗೆರೆ, ಮೀಸೆಯ ಆಕಾರ ಹೋಲಿಸಿ, ಹೆಸರು ಹುಡುಕಿ ಉತ್ತರ ಕಳಿಸುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಇರುತ್ತಿತ್ತು.

"ಯಾರೇ ಅದು? ಫೋನ್ ನೋಡಿ ಹಲ್ಲು ಕಿರೀತಿದ್ದೀಯ?" ಎಂದಳು ಒಂದು ಸಂಜೆ ಮನೆಯಲ್ಲಿ ಅಕ್ಕ.

"ಹುಳ ಕಣೇ."

"ಹುಳಕ್ಕೆ ಮೀಸೆ ಇದ್ಯಾ?"

"ಎಲ್ಲಾ ಹುಳಕ್ಕೂ ಇರುತ್ತೆ," ಎಂದು ಒಳಗೆ ಓಡಿದ್ದೆ.

ನಡೆದಾಡುವ ರೋಗಿಗಳು ಓದಲಿ ಎಂದು ಹೂವಿನ ಪಾತಿಗಳ ಬಳಿ ಪತಂಗಗಳ ಹೆಸರಿನ ಹಲಗೆ ನೆಡಬೇಕೆಂದು ಅವನಿಗೆ ಆಸೆ. ಬರೆದುಕೊಟ್ಟವಳು ನಾನೇ. "ಡಾಕ್ಟರ್ ಕೈಬರಹ ಇಷ್ಟು ದುಂಡಗಿರೋದು ಇದೇ ಮೊದಲು ನೋಡಿದ್ದು," ಎಂದು ರೇಗಿಸಿದ. ಹಲಗೆ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಕಿತು. ಇಬ್ಬರೂ ಹಲಗೆಯನ್ನೇ ನೋಡುತ್ತ ನಿಂತೆವು.

ಒಂದು ಗುರುವಾರ ಅವನು ತೋರಿಸಿದ ಫೋಟೊ ನಾನು ಎಂದೂ ಕಾಣದ್ದು. ಕಪ್ಪು ಮೈ, ಹೊಟ್ಟೆಗೆ ಹಳದಿ ಪಟ್ಟೆ, ಗಾಜಿನ ಕಿಟಕಿಗಳನ್ನು ಕೂರಿಸಿದಂಥ ರೆಕ್ಕೆ. ಪೆಂಟಾಸ್ ಪಾತಿಯಲ್ಲಿ ಇಪ್ಪತ್ತು ಮೂವತ್ತು ಇವೆಯಂತೆ. ಯಾವ ಡ್ರಾಯರಿನಲ್ಲೂ ಅಂಥದ್ದು ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಪೂರ್ತಿ ನಂಬಿಕೆಯಿಂದ.

"ಕಡಜ," ಎಂದೆ.

"ಕುಟುಕುತ್ತಾ?"

"ಕಡಜ ಕುಟುಕದೆ ಇರುತ್ತಾ?"

ಅವನು ರೋಗಿಗಳ ಕ್ಷೇಮ ಯೋಚಿಸಿ ಎಚ್ಚರಿಕೆಯ ಹಲಗೆಯನ್ನೂ ಕೇಳಿದ. ಅದನ್ನೂ ದುಂಡಗೆ ಬರೆದುಕೊಟ್ಟೆ.

ಮುಂದಿನ ಗುರುವಾರ ಅವನು ಬರಲಿಲ್ಲ. ಫೋಟೊಗಳೂ ಇಲ್ಲ. ಸೋಮವಾರ ಬಂದ, ಆಗ ಸಾರ್ ತಮ್ಮ ಕುರ್ಚಿಯಲ್ಲಿದ್ದರು, ನಾನು ಮೂಲೆಯ ಸ್ಟೂಲಿನ ಮೇಲೆ ಅಂಟಿನ ಡಬ್ಬಿ ಹಿಡಿದು ಕೂತಿದ್ದೆ. ಅವನು ಒಮ್ಮೆ ಕುರ್ಚಿ ನೋಡಿದ, ಒಮ್ಮೆ ಸ್ಟೂಲು ನೋಡಿದ. ಏನೂ ಕೇಳದೆ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಸತ್ತ ಆರು ಹುಳ.

"ಇದು ಕಡಜನಾ ಸಾರ್? ಸತ್ತ ಮೇಲೆ ಕೈಲಿ ಹಿಡಿದು ನೋಡ್ದೆ. ಬೆರಳಿಗೆಲ್ಲ ಹುಡಿ ಅಂಟ್ತು. ಅನುಮಾನ ಬಂತು."

ಸಾರ್ ಕನ್ನಡಕ ಮೇಲೇರಿಸಿದರು. "ಪತಂಗ ಕಣಪ್ಪ. ರೆಕ್ಕೆ ಹುಡಿ ಅದಕ್ಕೇ. ಕಡಜದ ಸಣ್ಣ ಸೊಂಟ ಎಲ್ಲಿದೆ ಇದಕ್ಕೆ? ಸುರುಳಿ ಸೊಂಡಿಲು ನೋಡು. ವೇಷ ಮಾತ್ರ ಕಡಜದ್ದು. ಕುಟುಕೋಕೆ ಕೊಂಡಿನೇ ಇಲ್ಲ, ಪಾಪದ ಪ್ರಾಣಿ. ಹೇಗೆ ಸತ್ತವು?"

"ಔಷಧಿ ಹೊಡೆದ್ವಿ ಸಾರ್. ಹಲಗೆ ಓದಿ ಒಬ್ಬರು ದೂರು ಕೊಟ್ರು. ಕಡಜ ಇರೋ ಪಾತಿ ಬೇಡ ಅಂತ ಸೂಪರಿಂಟೆಂಡೆಂಟ್ ಆರ್ಡರ್ ಮಾಡಿದ್ರು. ಗಿಡನೂ ಕಿತ್ತಾಯ್ತು."

"ಅಯ್ಯೋ! ಕಡಜ ಅಂತ ಹೇಳಿದ ಬುದ್ಧಿವಂತ ಯಾರು?"

ಅವನು ನನ್ನ ಕಡೆ ತಿರುಗಲೇ ಇಲ್ಲ.

"ನಾನೇ ಸಾರ್. ನಾನೇ ಹಾಗಂದ್ಕೊಂಡು ಹಲಗೆ ನೆಟ್ಟೆ."

"ಗೊತ್ತಿಲ್ದೇ ಇದ್ರೆ ಕೇಳ್ಬೇಕಪ್ಪ," ಎಂದು ಸಾರ್ ಗದರಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಬಾಯಿ ಬಿಡಲಿಲ್ಲ. ಪೊಟ್ಟಣ ಅಲ್ಲೇ ಬಿಟ್ಟು ಅವನು ಮೆಟ್ಟಿಲಿಳಿದು ಹೋದ ಸದ್ದು ಕೊನೆಯವರೆಗೂ ಕೇಳಿದೆ.

ಆ ಆರು ಪತಂಗಗಳಿಗೆ ಚೀಟಿ ಬರೆಯಲು ಸಾರ್ ನನಗೇ ಕೊಟ್ಟರು. ಎರಡು ಬರೆದೆ. ಮೂರನೆಯದಕ್ಕೆ ಅಕ್ಷರ ಕಾಣಿಸಲಿಲ್ಲ. ಅವರ ಮೇಜಿನ ಮುಂದೆ ನಿಂತು ಕುರ್ಚಿ, ಗುರುವಾರ, ಹಲಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಪೆನ್ನಿನ ಕ್ಯಾಪು ತೆಗೆದು ಹಾಳೆ ಎಳೆದುಕೊಂಡರು. "ನನ್ನ ಕುರ್ಚೀಲಿ ಕೂತಿದ್ದಕ್ಕೆ ಬೇಜಾರಿಲ್ಲಮ್ಮ. ಅವನು ನನ್ನ ಕೈಲಿ ಬೈಸ್ಕೊಳ್ಳೋವಾಗ ಸುಮ್ನೆ ಕೂತಿದ್ಯಲ್ಲ, ಅದು ಸರಿ ಹೋಗ್ಲಿಲ್ಲ." ಆಮೇಲೆ ಸೂಪರಿಂಟೆಂಡೆಂಟರಿಗೆ ಒಂದು ಪತ್ರ ಬರೆದರು, ಪತಂಗ ನಿರಪಾಯಕಾರಿ ಎಂದು. "ನೀನೇ ತಗೊಂಡು ಹೋಗು."

ಮರುದಿನ ಬೆಳಿಗ್ಗೆ ಹೋದೆ. ಸೂಪರಿಂಟೆಂಡೆಂಟ್ ಪತ್ರ ಓದಿ, "ಹಾಗಾದ್ರೆ ಮಾಲಿ ತಪ್ಪಿಲ್ವಾ?" ಎಂದರು. "ತಪ್ಪು ನಂದು," ಎಂದೆ. ಪಕ್ಕದಲ್ಲಿದ್ದ ಇಬ್ಬರು ಗುಮಾಸ್ತರು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ನೋಡಲಿ ಎಂದುಕೊಂಡೆ, ಆದರೂ ಕಿವಿ ಉರಿಯುತ್ತಿತ್ತು. ಗಿಡ ಮತ್ತೆ ನೆಡಲು ಒಪ್ಪಿಗೆ ಸಿಕ್ಕಿತು.

ಅವನು ಖಾಲಿ ಪಾತಿಯ ಮಣ್ಣು ಮಗುಚುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ, ಏಳಲಿಲ್ಲ.

"ನಾನು ಡಾಕ್ಟರ್ ಅಲ್ಲ. ಚೀಟಿ ಬರೆಯೋಳು."

"ಸ್ಟೂಲ್ ನೋಡಿದಾಗ್ಲೇ ಗೊತ್ತಾಯ್ತು."

"ಮೊದಲೇ ಹೇಳ್ಬೇಕಿತ್ತು. ಹೇಳಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

"ಹುಳದ ಹೆಸರಿಗೋಸ್ಕರ ಮೂರು ಮಹಡಿ ಹತ್ತಿ ಬರ್ತಿದ್ದೆ ಅಂದ್ಕೊಂಡ್ರಾ?" ಅವನ ದನಿಯಲ್ಲಿ ಸಿಟ್ಟಿತ್ತು. ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡಿದ. "ಗೊತ್ತಿಲ್ಲ ಅಂದಿದ್ರೂ ಬರ್ತಿದ್ದೆ."

ನಾನು ಅವನೆದುರು ಮಣ್ಣಿನಲ್ಲೇ ಕೂತೆ. "ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳೋ ಯೋಗ್ಯತೆ ಎಲ್ಲಿತ್ತು ನಂಗೆ? ಪಂಪ್ ಹಿಡಿದು ಔಷಧಿ ಹೊಡೆದೋನು ನಾನೇ. ಅವು ಒಂದ್ಸಲಾನೂ ಯಾರಿಗೂ ಕುಟುಕಿರ್ಲಿಲ್ಲ. ದಿನಾ ಪಕ್ಕದಲ್ಲಿ ಕೂತು ಫೋಟೊ ತೆಗ್ದಿದ್ದೀನಿ, ನಂಗೊತ್ತಿತ್ತು. ಬೇಡ ಸಾರ್ ಅಂತ ಒಂದು ಮಾತು ಹೇಳ್ಬೋದಿತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ." ಅವನು ಮುಖ ಆ ಕಡೆ ತಿರುಗಿಸಿಕೊಂಡ. "ಉದುರಿ ಬಿದ್ದಿದ್ನ ಗುಡಿಸೋವಾಗ ನಿಮ್ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಎಷ್ಟು ಪ್ರಯತ್ನ ಪಟ್ಟೆ. ಆಗ್ಲಿಲ್ಲ."

ಅವನ ಕೈ ಮಣ್ಣಿನ ಮೇಲೆ ಸುಮ್ಮನೆ ಬಿದ್ದಿತ್ತು. ಹಿಡಿದುಕೊಂಡೆ.

ಔಷಧಿಯ ವಿಷ ಇಳಿಯಲೆಂದು ಆರು ವಾರ ಪಾತಿಯನ್ನು ಹಾಗೇ ಬಿಟ್ಟೆವು. ಆ ಆರೂ ಭಾನುವಾರ ನಾನು ಹೋದೆ. ಬೇರೆ ಪಾತಿಗಳ ಪತಂಗಗಳನ್ನು ಇಬ್ಬರೂ ಪುಸ್ತಕ ತೆರೆದಿಟ್ಟುಕೊಂಡು ಗುರುತಿಸುತ್ತಿದ್ದೆವು, ತಿಳಿಯದ್ದನ್ನು ಸಾರ್‌ಗೆ ಕಳಿಸುತ್ತಿದ್ದೆವು. ಏಳನೆಯ ಭಾನುವಾರ ನರ್ಸರಿಯಿಂದ ಪೆಂಟಾಸ್ ಸಸಿ ಬಂತು. ಮೊದಲ ಗಿಡದ ಬುಡಕ್ಕೆ ಇಬ್ಬರೂ ಮಣ್ಣು ಒತ್ತುತ್ತಿದ್ದಾಗ ಅವನು ನನ್ನ ಕೈಮೇಲೆ ಕೈಯಿಟ್ಟು, "ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೀನಿ," ಎಂದ.

"ಏನಂತ?"

"ಮದುವೆ ಆದ್ರೆ ಇವರನ್ನೇ ಅಂತ. ನೀವು ಹೂಂ ಅಂದ್ರೆ."

"ನಾನು ಮಾಡಿದ್ದೂ ಹೇಳಿದ್ರಾ?"

"ಇಬ್ಬರು ಮಾಡಿದ್ದೂ ಹೇಳ್ದೆ. ಒಳ್ಳೇ ಜೋಡಿ ಅಂದ್ರು."

ನಾನು ಹೂಂ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

ಎರಡನೇ ವಾರ್ಡಿನ ಕಿಟಕಿಯಿಂದ ಒಬ್ಬ ಅಜ್ಜಿ ಕೂಗಿದರು: "ಏನಪ್ಪಾ, ಗಿಡ ನೆಡ್ತೀರೋ, ಹೀಗೇ ಕೈ ಹಿಡ್ಕೊಂಡು ಕೂತಿರ್ತೀರೋ?"

ಕಿಟಕಿಗಳಲ್ಲಿ ಒಂದೊಂದೇ ಮುಖ ಕಾಣಿಸಿಕೊಂಡಿತು. ಅವನು ನಕ್ಕುಬಿಟ್ಟ. ನನಗೆ ನಾಚಿಕೆಯಾಯಿತು. ಕೈ ಮಾತ್ರ ಬಿಡಲಿಲ್ಲ.