ಗಾಳಿ ತಡೆದ ಬೆನ್ನು

ಚಿಕ್ಕ ಹುಡುಗಿಯಾಗಿದ್ದಾಗ ಅಝೆನೋರ್ ತನ್ನ ತಾತನಿಗೊಂದು ಮಾತು ಕೊಟ್ಟಿದ್ದಳು.

ತಾತ ಫಾಂಚ್ ಇದ್ದದ್ದು ಫ್ರಾನ್ಸಿನ ಬ್ರಿಟನಿ ಸೀಮೆಯ ಪಶ್ಚಿಮದ ತುದಿಯಲ್ಲಿ, ಸಮುದ್ರಕ್ಕೆ ಇಳಿಯುವ ರಸ್ತೆಯ ಕೊನೆಯ ಹಳ್ಳಿಯಲ್ಲಿ. ಪ್ರತಿ ಬೇಸಿಗೆಯಲ್ಲೂ ಒಳನಾಡಿನ ಊರಿಂದ ಒಂದು ಸೈಕಲ್ ಗುಂಪು ಇಡೀ ದಿನ ತುಳಿದು ಆ ದಾರಿಯಾಗಿ ಬರುತ್ತಿತ್ತು. ಅವತ್ತು ತಾತ ಮನೆಯ ಮುಂದೆ ಮೇಜು ಹಾಕುತ್ತಿದ್ದ. ಬಿಸಿ ಕಾಫಿ, ತೆಳು ದೋಸೆಯಂಥ, ಬೆಣ್ಣೆ ಸವರಿದ ಕ್ರೆಪ್. ಆ ಮೇಜು ತುಳಿದು ಬಂದವರಿಗೆ ಮಾತ್ರ. ಕಾರಿನಲ್ಲಿ ಬಂದವರು, ಸ್ವಂತ ಮಗನೇ ಆಗಿರಲಿ, ಅಡುಗೆಮನೆಗೆ ಹೋಗಿ ಕುಡಿಯಬೇಕು.

ಅಲ್ಲಿನ ಎಲ್ಲ ಮಕ್ಕಳಂತೆ ಅವಳಿಗೂ ಹೆಸರು ಬರೆದ ಒಂದು ಪಿಂಗಾಣಿ ಬಟ್ಟಲು ಬಂದಿತ್ತು. ನೀಲಿ ಅಂಚು, ಹಿಡಿಯಲು ಎರಡು ಪುಟ್ಟ ಕಿವಿ.

"ನನ್ನ ಬಟ್ಟಲನ್ನೂ ಈ ಮೇಜಿನ ಮೇಲೆ ಇಡು ತಾತ."

"ಸೈಕಲ್ ಮೇಲೆ ಬಾ, ಇಡ್ತೀನಿ."

"ಎಲ್ಲಿಂದ?"

"ಇವರೆಲ್ಲ ಎಲ್ಲಿಂದ ಬರ್ತಾರೋ ಅಲ್ಲಿಂದ."

"ಬಂದೇ ಬರ್ತೀನಿ. ದೊಡ್ಡವಳಾದ್ಮೇಲೆ. ಅಲ್ಲೀವರೆಗೂ ಅದರಲ್ಲಿ ಒಂದು ಗುಟುಕೂ ಕುಡಿಯಲ್ಲ."

ತಾತ ನಗಲಿಲ್ಲ. ಬಟ್ಟಲನ್ನು ಒರೆಸಿ ಅಟ್ಟದ ಮೇಲಿಟ್ಟ.

ಅಝೆನೋರ್ ದೊಡ್ಡವಳಾದಳು. ಒಳನಾಡಿನ ಆ ಊರಿಗೇ ಹೋಗಿ ಸಲೂನ್ ತೆರೆದಳು. ತಾತನ ಮನೆಗೆ ಬಂದದ್ದೆಲ್ಲ ಕಾರಿನಲ್ಲಿ, ಕುಡಿದದ್ದೆಲ್ಲ ಅಡುಗೆಮನೆಯ ಬೋಳು ಲೋಟದಲ್ಲಿ.

ಈ ವಸಂತದಲ್ಲಿ ತಾತ ಫೋನ್ ಮಾಡಿದ.

"ಕಣ್ಣು ಮಂಜಾಗ್ತಿದೆ ಮಗಳೇ. ಮುಂದಿನ ಬೇಸಿಗೆಗೆ ಕಾಣುತ್ತಾ ಅಂತ ಕೇಳಿದ್ರೆ ಡಾಕ್ಟರು ಹವಾಮಾನದ ಮಾತೆತ್ತಿ ಜಾರಿಕೊಳ್ತಾರೆ. ಈ ಸಲದ್ದೇ ಕೊನೇ ಮೇಜು. ಮುಂದಿನ ವರ್ಷ ಹಾಕಿದ್ರೆ ಕಾಫೀನ ಅವರ ಮೊಣಕಾಲಿಗೇ ಸುರೀತೀನಿ."

ತಾತ ನಕ್ಕ. ಅವಳಿಗೆ ನಗು ಬರಲಿಲ್ಲ. ಅಟ್ಟದ ಮೇಲಿನ ಬಟ್ಟಲು ಕಣ್ಣ ಮುಂದೆ ಬಂತು... ನಾನು ಬರೋದು ತಾತನಿಗೆ ಕಾಣಬೇಕು. ಈ ಬೇಸಿಗೆಯಲ್ಲೇ.

ಮುಂದಿನ ಭಾನುವಾರ ಅವಳು ಹಳೆಯದೊಂದು ರೇಸಿಂಗ್ ಸೈಕಲ್ ಹಿಡಿದು ಊರಿನ ಚೌಕದಲ್ಲಿ ಗುಂಪಿನ ಜೊತೆ ನಿಂತಿದ್ದಳು.

ಹೊರಟು ಸ್ವಲ್ಪ ಹೊತ್ತಿಗೆ ಕಾಲುಗಳಿಗೆ ರೆಕ್ಕೆ ಬಂದ ಹಾಗಾಯಿತು. ಮುಂದಿದ್ದವನು ಯಾಕಿಷ್ಟು ನಿಧಾನ? ಜೋರಾಗಿ ತುಳಿದು ಅವನನ್ನು ದಾಟಿಬಿಟ್ಟಳು.

ಹಿಂದೆ ಹರಟೆ ನಿಂತಿತು. ಒಂದು ಸೀಟಿ ಕೇಳಿಸಿತು.

ತಿರುಗಿ ನೋಡಿದಳು. ತೋಳಿಗೆ ಕೆಂಪು ಪಟ್ಟಿ, ಬಿಸಿಲಿಗೆ ಸುಟ್ಟ ಮುಖ, ಒಂದಿಷ್ಟೂ ನಗದ ಕಣ್ಣು. ಆ ಕಣ್ಣು ಯಾಕೋ ಅವಳ ಎದೆಯಲ್ಲಿ ನಿಂತುಬಿಟ್ಟಿತು...

"ಮೇಡಂ, ಕ್ಯಾಪ್ಟನ್‌ನ ದಾಟಬಾರದು."

"ನನಗೆ ಇನ್ನೂ ಜೋರಾಗಿ ಹೋಗೋಕೆ ಆಗುತ್ತಲ್ಲ?"

"ಈಗ ಆಗುತ್ತೆ. ಮಧ್ಯಾಹ್ನ ಕೇಳ್ತೀನಿ." ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. "ನನ್ನ ಬೆನ್ನ ಹಿಂದೆ ಬನ್ನಿ. ನನ್ನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಎರಡು ಗೇಣು."

ಅವನ ಹೆಸರು ಗುರ್ವಾನ್. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ.

"ಇದು ರೇಸ್ ಅಲ್ಲ ಕಣಮ್ಮ," ಪಕ್ಕದಲ್ಲಿ ತುಳಿಯುತ್ತಿದ್ದ ಸ್ವಾಝಿಕ್ ಹೇಳಿದಳು. ಮೀನು ಮಾರಿ ಈಗ ನಿವೃತ್ತಳಾದವಳು, ಗುಂಪಿಗೆಲ್ಲ ಹಿರಿಯಳು. "ಒಟ್ಟಿಗೆ ಹೊರಡೋದು, ಒಟ್ಟಿಗೆ ಮುಟ್ಟೋದು. ಏರಿರಲಿ, ಇಳಿಜಾರಿರಲಿ, ಅವನದ್ದು ಒಂದೇ ಹದ. ಅವನ ಮುಂದೆ ಇರೋದು ಗಾಳಿ ಮಾತ್ರ."

ಮಧ್ಯಾಹ್ನ ಅವನು ಕೇಳುವ ಅಗತ್ಯವೇ ಬೀಳಲಿಲ್ಲ. ತೊಡೆ ನಡುಗಿ, ಕಣ್ಣಿಗೆ ಕತ್ತಲೆ ಕಟ್ಟಿ, ಅಝೆನೋರ್ ಹಿಂದೆ ಬರುತ್ತಿದ್ದ ವ್ಯಾನ್ ಹತ್ತಿದಳು.

'ಈಗ ಅಣಕಿಸ್ತಾನೆ...' ಅಂದುಕೊಂಡಳು. ಗುರ್ವಾನ್ ಕಿಟಕಿಯಿಂದ ಒಂದು ಬಾಳೆಹಣ್ಣು ಕೊಟ್ಟ.

"ಹಸಿವಾಗೋಕೆ ಮುಂಚೆ ತಿನ್ನಿ. ಬಾಯಾರೋಕೆ ಮುಂಚೆ ಕುಡೀರಿ. ಸೀಟು ಒಂದು ಬೆರಳು ಎತ್ತರಿಸಿ. ಮುಂದಿನ ಭಾನುವಾರ ಬನ್ನಿ."

ಬಂದಳು. ಮತ್ತೆ ಮತ್ತೆ ಬಂದಳು.

ದಿನವಿಡೀ ನಿಂತು ಕೂದಲು ಕತ್ತರಿಸುವ ಈ ಕಾಲುಗಳೇ ಅವಳನ್ನು ಒಂದು ಊರು ದಾಟಿಸಿದವು, ಆಮೇಲೆ ಒಂದು ನದಿ ದಾಟಿಸಿದವು. ಕಾರಿನಲ್ಲಿ ಕಣ್ಣುಮುಚ್ಚಿ ಕಳೆದ ದಾರಿಗೆ ಈಗ ವಾಸನೆಯಿತ್ತು: ಕೊಯ್ದ ಹುಲ್ಲು, ಹಂದಿ ಸಾಕಣೆ, ಬೆಳಗಿನ ಬ್ರೆಡ್ಡು. ಮೈಯೊಳಗೆ ಇಷ್ಟು ದೊಡ್ಡದೊಂದು ದೇಶ ಇಷ್ಟು ದಿನ ಎಲ್ಲಿ ಅಡಗಿತ್ತು?

ಅಷ್ಟು ದೂರವೂ ಕಣ್ಣ ಮುಂದೆ ಇದ್ದದ್ದು ಅದೇ ಬೆನ್ನು.

ಒಂದು ಸಂಜೆ ಆ ಬೆನ್ನು ಅವಳ ಸಲೂನಿಗೇ ಬಂದು ಕುರ್ಚಿಯಲ್ಲಿ ಕೂತಿತು.

"ಕನ್ನಡಿ ನೋಡದೇ ಕತ್ತರಿಸ್ತೀನಿ," ಅಂದಳು. "ಈ ಕತ್ತು ನನಗೆ ಬಾಯಿಪಾಠ ಆಗಿದೆ."

ಗುರ್ವಾನನ ಕಿವಿ ಕೆಂಪಾಯಿತು. ಅವನು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದ್ದು ಕನ್ನಡಿಯಲ್ಲಿ.

"ಯಾಕೆ ತುಳೀತೀರಿ ನೀವು?" ಕೇಳಿದ. "ನಿಮ್ಮ ಥರ ಹಲ್ಲು ಕಚ್ಚಿ ಯಾರೂ ತುಳಿಯಲ್ಲ."

ಹೇಳಿದಳು. ಬಟ್ಟಲು, ಮೇಜು, ತಾತನ ಕಣ್ಣು, ಎಲ್ಲ. ಕತ್ತರಿ ನಿಂತೇಹೋಗಿತ್ತು. ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ.

"ಫಾಂಚ್ ಅವರ ಮೇಜು ನನಗೆ ಗೊತ್ತು. ನನಗೆ ಯಾವಾಗಲೂ ಮೊದಲ ಕ್ರೆಪ್ ಕೊಡ್ತಾರೆ... ಮುಟ್ಟಿಸ್ತೀನಿ ನಿಮ್ಮನ್ನ."

ಅವತ್ತು ಅವಳಿಗೆ ನಿದ್ದೆ ಹತ್ತಲಿಲ್ಲ.

ಆದರೆ ಮುಂದಿನ ಭಾನುವಾರವೇ ಆ ಸಂತೋಷ ಮುರಿಯಿತು.

ಆ ಗುಂಪಿನಲ್ಲೊಂದು ಪದ್ಧತಿ. ಸಮುದ್ರದ ಸವಾರಿಯ ದಿನ, ಆ ವರ್ಷ ಸೇರಿದ ಹೊಸಬರನ್ನು ಮೊದಲ ಸಾಲಿನಲ್ಲಿ, ಕ್ಯಾಪ್ಟನ್ ಪಕ್ಕದಲ್ಲಿ ಬಿಡುತ್ತಾರೆ. ಅದು ಗೌರವ. ಅಝೆನೋರ್ ಚಕ್ರಕ್ಕೆ ಗಾಳಿ ಹಾಕುತ್ತಿದ್ದಾಗ ಗೋಡೆಯ ಆಚೆ ಸ್ವಾಝಿಕ್ ಮತ್ತು ಗುರ್ವಾನ್ ಮಾತಾಡುವುದು ಕೇಳಿಸಿತು.

"ಈ ಸಲ ನಿನ್ನ ಪಕ್ಕ ಅಝೆನೋರ್ ತಾನೇ?"

"ಅವರು ಬೇಡ. ಹಿಂದೇನೇ ಇರಲಿ."

ಅಷ್ಟೇ. ಪಂಪಿನ ಹಿಡಿ ಅವಳ ಕೈಯಲ್ಲೇ ನಿಂತಿತು.

ಪಕ್ಕದಲ್ಲಿ ಬರೋಕೆ ಯೋಗ್ಯತೆ ಇಲ್ಲ ಅಂತಾನಾ... ಹಾಗಾದ್ರೆ ಕನ್ನಡಿಯೊಳಗಿನ ಆ ನಗು?

ಮುಂದೆ ಅವನು ಮಾತಾಡಿಸಿದಾಗೆಲ್ಲ "ಸರಿ ಕ್ಯಾಪ್ಟನ್" ಅಂದಳು. ಬೇರೆ ಒಂದು ಮಾತೂ ಇಲ್ಲ.

ಸಮುದ್ರದ ದಿನ ಬಂತು. ಬೆಳಕು ಹರಿಯುವ ಮುಂಚೆ ಗುಂಪು ಚೌಕ ಬಿಟ್ಟಿತು. ಇನ್ನೂರು ಕಿಲೋಮೀಟರ್. ಇಡೀ ದಾರಿ ಪಶ್ಚಿಮದ ಗಾಳಿ ಎದುರಿಗೇ.

ಮಧ್ಯಾಹ್ನ ಗುಡ್ಡದ ನೆತ್ತಿಯ ಬಯಲಿಗೆ ಬಂದರು. ಅಲ್ಲಿ ಮರವಿಲ್ಲ, ಮನೆಯಿಲ್ಲ. ನೇರಳೆ ಬಣ್ಣದ ಕುರುಚಲು ಹೂವು, ಕಪ್ಪು ಬಂಡೆ, ಮತ್ತೆ ಆಕಾಶ. ಆ ಆಕಾಶದ ಕೆಳಗೆ ಇವರೆಲ್ಲ ಇರುವೆ ಸಾಲು. ಅಝೆನೋರ್‌ಗೆ ಉಸಿರು ಕಟ್ಟಿತು, ಏರಿನಿಂದಲ್ಲ. ಇಷ್ಟು ದೊಡ್ಡದರ ಬೆನ್ನ ಮೇಲೆ ನಾನು ಬಂದಿದ್ದೀನಾ... ಈ ಎರಡೇ ಕಾಲಲ್ಲಿ?

ಎದುರಿಗೆ ಅದೇ ಬೆನ್ನು. ಥಟ್ಟನೆ ಸಿಟ್ಟು ಬಂತು. ಇವನನ್ನು ನೋಡಿಕೊಂಡೇ ಯಾಕೆ ಹೋಗಲಿ? ಎಡಕ್ಕೆ ಸರಿದಳು.

ಗಾಳಿ ಅವಳನ್ನು ಗೋಡೆಯಂತೆ ಗುದ್ದಿತು.

ಉಸಿರು ಒಳಗೇ ಸಿಕ್ಕಿಕೊಂಡಿತು. ಸೈಕಲ್ ನಡುಗಿತು. ತುಳಿದರೂ ಚಕ್ರ ಮುಂದೆ ಹೋಗಲೊಲ್ಲದು. ಕಂಗಾಲಾಗಿ ಮತ್ತೆ ಅವನ ಬೆನ್ನ ಹಿಂದೆ ಬಂದಳು. ಗಾಳಿಯೇ ಇಲ್ಲ... ಬಾಗಿಲು ಹಾಕಿದ ಕೋಣೆಯ ಹಾಗೆ.

ಆಮೇಲೆ ನೋಡತೊಡಗಿದಳು. ರಸ್ತೆ ಬಲಕ್ಕೆ ತಿರುಗಿ ಗಾಳಿ ಎಡದಿಂದ ಬೀಸಿದರೆ ಅವನು ಎಡಕ್ಕೆ ಸರಿಯುತ್ತಿದ್ದ. ಗಾಳಿ ಪಕ್ಕ ಬದಲಿಸಿದರೆ ಅವನೂ ಬದಲಿಸುತ್ತಿದ್ದ. ಹಿಂತಿರುಗಿ ನೋಡದೇ. ಅವಳು ಎಲ್ಲಿದ್ದಾಳೆಂದು ಅವನ ಬೆನ್ನಿಗೇ ಗೊತ್ತಿದ್ದ ಹಾಗೆ.

"ಈಗ ಗೊತ್ತಾಯ್ತಾ?" ಸ್ವಾಝಿಕ್ ಪಕ್ಕದಲ್ಲೇ ಇದ್ದಳು. "ಮೊದಲ ಸಾಲು ಗೌರವ ಹೌದು, ಆದ್ರೆ ಕಾಲಿನ ಅರ್ಧ ಬಲ ಗಾಳಿ ಪಾಲು. 'ಹಿಂದೇನೇ ಇರಲಿ, ಅವರು ಒಂದು ಮೇಜು ಮುಟ್ಟಬೇಕು' ಅಂದ ಗುರ್ವಾನ್. ನಿನ್ನ ಮುಖ ಊದಿಕೊಂಡಿರೋದು ಅದಕ್ಕೇನಾ? ನಾನು ಹಲ್ಲುನೋವು ಅಂದ್ಕೊಂಡಿದ್ದೆ."

ಅಝೆನೋರ್ ತಲೆ ತಗ್ಗಿಸಿ ತುಳಿದಳು. ಮುಂದಿನ ಇಳಿಜಾರು ಅವಳಿಗೆ ಮಂಜುಮಂಜಾಗಿ ಕಂಡಿತು. ಇಷ್ಟು ಭಾನುವಾರ... ಒಬ್ಬ ಮನುಷ್ಯ ಒಂದು ಮಾತೂ ಆಡದೆ ಇನ್ನೊಬ್ಬರಿಗೆ ಗೋಡೆಯಾಗಬಹುದಾ?

ಸಂಜೆಯ ಹೊತ್ತಿಗೆ ಬೇಲಿಗಳ ನಡುವೆ ಸಮುದ್ರ ಹೊಳೆಯಿತು. ತಾತನ ಹಳ್ಳಿಯ ಕೊನೆಯ ತಿರುವು. ಗುರ್ವಾನ್ ಕೈ ಎತ್ತಿದ. ಇಡೀ ಗುಂಪು ನಿಂತಿತು.

"ಅಝೆನೋರ್, ಮುಂದೆ ಹೋಗು."

'ನೀವು' ಅನ್ನದೇ ಅವನು ಕರೆದದ್ದು ಅದೇ ಮೊದಲು.

"ಕ್ಯಾಪ್ಟನ್‌ನ ದಾಟಬಾರದು," ಅಂದಳು.

"ಸವಾರಿಯಲ್ಲಿ ದಾಟಬಾರದು. ನಾನು ಕಾಲು ಊರಿ ನಿಂತಿದ್ದೀನಲ್ಲ."

ಅವಳು ದಾಟಿದಳು. ಎದುರಿಗೆ ಯಾರ ಬೆನ್ನೂ ಇಲ್ಲ. ಗಾಳಿ ಪೂರ್ತಿ ಅವಳದ್ದು. ತುಳಿದಳು.

ಮನೆಯ ಮುಂದೆ ಮೇಜಿತ್ತು. ತಾತ ಹಣೆಗೆ ಕೈಯಡ್ಡ ಹಿಡಿದು ರಸ್ತೆಯನ್ನೇ ನೋಡುತ್ತಿದ್ದ.

"ಈ ಸಲ ಕ್ಯಾಪ್ಟನ್ ಸಣ್ಣಗಾಗಿದ್ದಾನಲ್ಲ," ಅಂದ ತನ್ನಷ್ಟಕ್ಕೆ. ಇನ್ನೂ ಸ್ವಲ್ಪ ನೋಡಿದ. ಕೈ ಕೆಳಗಿಳಿಯಿತು. "ಭುಜ ಕುಣಿಸ್ತಾ ತುಳಿಯೋದು ನಮ್ಮ ಮನೆಯವರು ಮಾತ್ರ... ಮಗಳೇ?"

"ಹೂಂ ತಾತ. ಅಲ್ಲಿಂದಲೇ ಬಂದೆ."

ನೀಲಿ ಅಂಚಿನ ಬಟ್ಟಲು ಆಗಲೇ ಮೇಜಿನ ಮೇಲಿತ್ತು. ಪ್ರತಿ ವರ್ಷವೂ ಇಡುತ್ತಿದ್ದನಂತೆ, ಗುಂಪು ಹೋದ ಮೇಲೆ ತೆಗೆಯುತ್ತಿದ್ದನಂತೆ. ಅವಳಿಗೆ ಗೊತ್ತೇ ಇರಲಿಲ್ಲ.

ಉಳಿದವರು ಬಂದರು. ಗುರ್ವಾನ್ ಕೊನೆಯವನಾಗಿ ಬಂದು ಅವಳ ಪಕ್ಕ ನಿಂತ.

"ನನಗೆ ಯಾಕೆ ಹೇಳಲಿಲ್ಲ?" ಮೆಲ್ಲಗೆ ಕೇಳಿದಳು.

"ಹೇಳಿದ್ರೆ ನನ್ನ ಬೆನ್ನ ಹಿಂದೆ ಇರ್ತಿದ್ದೆಯಾ?"

"ಇಲ್ಲ."

"ಅದಕ್ಕೇ." ಅವನು ನೆಲ ನೋಡಿದ. "ಇಷ್ಟು ದಿನ ನೀನು ನನಗೆ ಕಾಣಿಸ್ತಾನೇ ಇರಲಿಲ್ಲ, ಅಝೆನೋರ್. ನಿನ್ನ ಚಕ್ರದ ಸದ್ದು ಮಾತ್ರ. ಅದು ಕೇಳದ ದಾರಿಯಲ್ಲಿ ಇನ್ನು ಹೋಗೋಕೆ ಆಗಲ್ಲ ನನಗೆ."

"ಹಿಂದೆ ಬರಲ್ಲ ನಾನು ಇನ್ನು," ಅಂದಳು. "ಪಕ್ಕದಲ್ಲಿ ಬರ್ತೀನಿ. ಅರ್ಧ ಗಾಳಿ ನನಗೂ ಕೊಡು."

"ಕೊಟ್ಟೆ."

"ಕಾಫಿ ಆರ್ತಿದೆ," ಅಂದ ತಾತ. "ಕಣ್ಣು ಮಂಜಾಗಿದೆ, ಕಿವಿ ಸರಿಯಾಗೇ ಇದೆ."

ಅಝೆನೋರ್ ಬಟ್ಟಲಿನ ಎರಡೂ ಕಿವಿ ಹಿಡಿದು ಕುಡಿದಳು. ತಾತ ನೋಡಿದ. ಅವಳು ಕೊಟ್ಟ ಮಾತು ಉಳಿಯಿತು.