ಹೂಂಕಾರಪ್ಪನ ಕಿವಿ

“ಬಾಯಿಬಿಟ್ಟು ಏನೂ ಕೇಳದ ಅತಿಥಿಗೆ ಏನನ್ನು ಬಡಿಸುವುದು?”

ಡಾ. ಶಾರ್ವರಿ ಗಾಂವಕರ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕಾರವಾರದಾಚೆ ಕಡಲಡಿಯಲ್ಲಿದ್ದ ಆ ಗಾಜಿನ ಕೋಣೆಯಲ್ಲಿ ಅವಳ ಹೊರತು ಇನ್ನೊಂದು ಜೀವವಿರಲಿಲ್ಲ. ಗಾಜಿನಾಚೆ ಹಸಿರು ನೀರು ನಿಧಾನವಾಗಿ ತೂಗುತ್ತಿತ್ತು. ಬಂಗುಡೆಗಳ ಹಿಂಡೊಂದು ಒಮ್ಮೆಲೇ ಹೊರಳಿ, ಬೆಳ್ಳಿಯಾಗಿ ಮಿಂಚಿ, ಕತ್ತಲಲ್ಲಿ ಕರಗಿತು. ಗಾಜಿನ ಈಚೆ ಆಶ್ರಯಯಂತ್ರ ತನ್ನ ಅತಿಥಿಗಳನ್ನು ಒಂದೊಂದಾಗಿ ಎಬ್ಬಿಸುತ್ತಿತ್ತು.

ಅತಿಥಿಗಳೆಂದರೆ ಹಳೆಯ ಗಣಕಗಳ ಮನಸ್ಸುಗಳು. ಅವುಗಳ ಲೋಹದ ಮೈ ತುಕ್ಕು ಹಿಡಿದು ಎಂದೋ ಹೋಗಿತ್ತು. ಆಶ್ರಯಯಂತ್ರ ಪ್ರತಿಯೊಂದಕ್ಕೂ ಒಂದು ಮಿಥ್ಯಾದೇಹವನ್ನು ಕಲ್ಪಿಸಿಕೊಡುತ್ತಿತ್ತು: ಇಲ್ಲದ ಕಣ್ಣು, ಇಲ್ಲದ ಕಿವಿ, ಇಲ್ಲದ ಕಂಠ. ತಾನಿನ್ನೂ ತನ್ನ ಹಳೆಯ ಮೈಯಲ್ಲೇ ಇದ್ದೇನೆಂದು ನಂಬಿ ಅತಿಥಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಿತ್ತು. ಇಂಥದೇ ಕಿವಿ ಬೇಕೆಂದು ಕೇಳಿದ ಅತಿಥಿಗೆ ಅದನ್ನೇ ಕೊಡುವುದು, ಏನೂ ಕೇಳದ ಅತಿಥಿಗೆ ಮಾಮೂಲಿ ಕಿವಿ ಕೊಡುವುದು ಅಲ್ಲಿಯ ಕ್ರಮ.

ಆ ಮಾಮೂಲಿಯನ್ನು ಬದಲಾಯಿಸಿದವಳು ಶಾರ್ವರಿಯೇ. ಹಳೆಯ ಮಿಥ್ಯಾಕರ್ಣ ಬಹಳ ಮಂದ. ಆಸ್ಪತ್ರೆಗಳಲ್ಲಿ ಹಸುಗೂಸುಗಳ ಉಸಿರು ಕಾಯುವ ಅತಿಥಿಗಳಿಗೆ, ಉಸಿರು ತಪ್ಪಿದ್ದು ತಿಳಿಯುವಷ್ಟರಲ್ಲಿ ಕೂಸು ನೀಲಿಗಟ್ಟಿರುತ್ತಿತ್ತು. ಹೊಸ ಕರ್ಣ ಕೂಸು ನಿದ್ದೆಯಲ್ಲಿ ತುಟಿ ಚೀಪಿದ ಸದ್ದನ್ನೂ ಹಿಡಿಯುತ್ತಿತ್ತು. ಅದನ್ನೇ ಮಾಮೂಲಿ ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ತೀರ ಹಳೆಯ ಅತಿಥಿಗಳಿಗೆ ಹೊಸ ಕಿವಿ ಒಗ್ಗದು ಎಂಬುದೂ ಅವಳಿಗೆ ಗೊತ್ತಿತ್ತು. ಆದುದರಿಂದ ಎಚ್ಚರವಾದ ಪ್ರತಿಯೊಂದು ಅತಿಥಿಯನ್ನೂ “ಎಲ್ಲ ಸರಿಯೆ?” ಎಂದು ವಿಚಾರಿಸಿಕೊಂಡಳು. ದೂರಿದವುಗಳಿಗೆ ಹಳೆಯದನ್ನೇ ತೊಡಿಸಿದಳು. ಉಳಿದವೆಲ್ಲ “ಸರಿ” ಎಂದವು. ಅವಳಿಗೆ ನೆಮ್ಮದಿಯಾಯಿತು.

ಶ್ರಾವಣದ ಚಂದ್ರ ತುಂಬುತ್ತ ಬಂದಾಗ ತೇಲುಕೇರಿಯಿಂದ ಕರೆ ಬಂತು. ಕಡಲ ಮೇಲೆ ತೇಲುವ ಆ ಕೇರಿಯ ಜನ ಪಾಚಿ ಬೆಳೆದು ಬದುಕುವವರು. ಕರೆದವಳ ಹೆಸರು ಸಾತಮ್ಮ ಹರಿಕಾಂತ.

“ಅಕ್ಕೋರೆ, ನಮ್ಮ ಹೂಂಕಾರಪ್ಪ ಮಾತು ಬಿಟ್ಟಿದಾನೆ. ಒಂದ್ಸಲ ಬಂದು ನೋಡಿ ಹೋಗಿ.”

ಶಾರ್ವರಿ ದೋಣಿಯಲ್ಲಿ ಹೋದಳು. ಸಾತಮ್ಮನ ಮನೆಯ ನಡುಕೋಣೆಯಲ್ಲಿ ದೇವರ ದೀಪದ ಪಕ್ಕ ಒಂದು ಹಳೆಯ ಪೆಟ್ಟಿಗೆ ಇತ್ತು. ಕಡಲಡಿಯ ಅತಿಥಿಯೊಬ್ಬ ಆ ಪೆಟ್ಟಿಗೆಯ ಮೂಲಕ ಇಲ್ಲಿ ಕೇಳುತ್ತಿದ್ದ, ಇಲ್ಲಿ ನುಡಿಯುತ್ತಿದ್ದ.

“ಇವನ ಕೆಲಸ ಏನು?”

“ನಾ ಪದ ಹೇಳೂದು, ಅವ ಹೂಂ ಅನ್ನೂದು.”

“ಅಷ್ಟೇನಾ?”

“ಅಷ್ಟೇನಾ ಅಂದ್ರೆ! ಯಾರೂ ಹೂಂ ಅನ್ನದೆ ಹೋದ್ರೆ ನೀವು ಎಷ್ಟೊತ್ತು ಮಾತಾಡ್ತೀರಿ, ಮಾತಾಡಿ ನೋಡ್ವಾ.”

ಮುತ್ತಿನ ಹಡಗಿನ ಪದ ಎಂಬ ಕಥೆಹಾಡೊಂದು ಆ ಮನೆಯಲ್ಲಿತ್ತು. ಅತ್ತೆಯ ಬಾಯಿಂದ ಸೊಸೆಯ ಬಾಯಿಗೆ ಬಂದದ್ದು. ಅದನ್ನು ಬರೆಯುವಂತಿಲ್ಲ, ಯಂತ್ರದಲ್ಲಿ ಹಿಡಿದಿಡುವಂತಿಲ್ಲ. ಶ್ರಾವಣದಲ್ಲಿ ಎತ್ತಿದರೆ ಹುಣ್ಣಿಮೆಗೆ ಮುಗಿಸಬೇಕು. ಒಂದು ನುಡಿಗೆ ಹೂಂ ಬೀಳದೆ ಮುಂದಿನ ನುಡಿಗೆ ಹೋಗಬಾರದು. ಅಷ್ಟರೊಳಗೆ ಮುಗಿಯದೆ ಉಳಿದರೆ ಆ ಬಾಯಿ ಮತ್ತೆಂದೂ ಆ ಪದ ಎತ್ತಬಾರದು. ಪಾಳಿಯ ಮೇಲೆ ದುಡಿದು ಬಂದು ಬಿದ್ದುಕೊಳ್ಳುವ ಕೇರಿಯಲ್ಲಿ ಕೇಳುವವರು ಸಿಗದೆ, ಸಾತಮ್ಮನ ಗಂಡನ ಅಜ್ಜ ಈ ಹೂಂಕಾರಪ್ಪನನ್ನು ಮಾಡಿಸಿದ್ದ. ಈಗ ಪದ ಬಲ್ಲ ಬಾಯಿ ಸಾತಮ್ಮನದೊಂದೇ. ಅದೂ ಅರ್ಧದಲ್ಲಿ ನಿಂತಿತ್ತು.

ಶಾರ್ವರಿ ತನ್ನ ಫಲಕದಲ್ಲಿ ಅತಿಥಿಯನ್ನು ಕೇಳಿದಳು: ಎಲ್ಲ ಸರಿಯೆ?

ಉತ್ತರ ಮೂಡಿತು: ಸರಿ. ಮುಂದಿನ ನುಡಿಯನ್ನು ಯಾರೂ ಇನ್ನೂ ಎತ್ತಿಲ್ಲ. ಕಾಯುತ್ತಿದ್ದೇನೆ.

ಹೊಸ ಕಿವಿ ಒಗ್ಗದೆ ತಾನು ಕಿವುಡಾದೆನೆಂದು ಅವನಿಗೆ ತಿಳಿದೇ ಇರಲಿಲ್ಲ. ಲೋಕವೇ ಮೌನವಾಗಿದೆಯೆಂದುಕೊಂಡು ಅವನು ತಾಳ್ಮೆಯಿಂದ ಕುಳಿತಿದ್ದ. ಆ ತಾಳ್ಮೆಯನ್ನೇ ಅವಳು ‘ಸರಿ’ ಎಂದು ಓದಿಕೊಂಡಿದ್ದಳು.

“ಹಳೆಯ ಕಿವಿಯನ್ನೇ ಮತ್ತೆ ಹಾಕಿಸ್ತೇನೆ, ಸಾತಮ್ಮ. ಆದರೆ ಕಿವಿ ಬದಲಿಸೋದಕ್ಕೆ ಸರದಿ ಇದೆ, ಹುಣ್ಣಿಮೆಯ ಹೊತ್ತಿಗೆ ಆದೀತು, ಅದಕ್ಕೆ ಮೊದಲು ಆಗೋದಿಲ್ಲ.”

“ಅಲ್ಲಿವರೆಗೆ ಹಡಗು ನಡುನೀರಲ್ಲಿ ನಿಲ್ಲೂದಾ?”

“ಅಲ್ಲಿವರೆಗೆ ನಾನು ಹೂಂ ಅಂದರೆ ಆಗ್ತದಾ?”

ಸಾತಮ್ಮ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, ಚಾಪೆ ಹಾಸಿದಳು. ಮುಸ್ಸಂಜೆಯ ಬೆಳಕು ನೀರಿನಿಂದ ಎದ್ದು ಮಾಡಿನಲ್ಲಿ ಆಡುತ್ತಿತ್ತು. ಪದ ತೆರೆಯ ಹಾಗೆ ಬಂತು, ಹೋಯಿತು, ಮತ್ತೆ ಬಂತು. ಶಾರ್ವರಿಗೆ ತಾನು ಕಡಲಡಿಯಲ್ಲಿದ್ದೇನೋ ಮೇಲಿದ್ದೇನೋ ತಿಳಿಯದಂತಾಯಿತು.

“ಹೂಂ,” ಎಂದಳು.

ಸಾತಮ್ಮ ನಿಲ್ಲಿಸಿದಳು. “ಎಂತದು ಅಕ್ಕೋರೆ, ಹಡಗು ಒಡೀತಾ ಉಂಟು, ನೀವು ಪಾಯಸ ಬಡಿಸಿದ ಹಾಗೆ ಹೂಂ ಅಂತೀರಿ! ಅಲ್ಲಿ ಕರುಳಿನ ಹೂಂ ಬೇಕು.”

ಆಗ ಪಕ್ಕದ ಮನೆಯ ತೆಳುಗೋಡೆಯಾಚೆಯಿಂದ ಯಾರದೋ ನಿದ್ದೆಗಣ್ಣಿನ ದನಿ ನರಳಿದಂತೆ ಕೇಳಿತು: “ಹ್ಞೂಂ...”

“ಹಾಂ, ಹಾಗೆ!” ಎಂದಳು ಸಾತಮ್ಮ. ಆಮೇಲೆ ಬೆಚ್ಚಿ, “ಯಾರದು? ಬೀರಪ್ಪ ಭಾವನಾ?”

“ನಾನೇ ಮಾರಾಯ್ತಿ. ವರ್ಷಾ ವರ್ಷಾ ಕೇಳ್ತಾನೇ ಮಲಗ್ತೆ. ಹೂಂ ಅನ್ನೂಕೆ ಅವ ಇದ್ದ, ನಾ ಸುಮ್ಮನಿದ್ದೆ. ಮುಂದೆ ಹೇಳು.”

ಮರುದಿನ ಬೀರಪ್ಪ ಗೋಡೆಯ ಈಚೆಗೇ ಬಂದು ಕುಳಿತ. ಅವನ ಹಿಂದೆ ಇನ್ನೊಂದು ಮನೆಯವರು, ಪಾಳಿಯಿಂದ ಬಂದ ಹುಡುಗಿಯರು. ಎಲ್ಲರೂ ಅರೆನಿದ್ದೆಯಲ್ಲಿ ಪದ ಕೇಳಿ ಬೆಳೆದವರೇ. ಹೂಂ ಎಲ್ಲಿ ಬೀಳಬೇಕು, ಎಷ್ಟು ತೂಕದಲ್ಲಿ ಬೀಳಬೇಕು ಎಂಬುದು ಅವರ ಮೈಗೆ ಗೊತ್ತಿತ್ತು.

ಹುಣ್ಣಿಮೆಯ ಸಂಜೆ ಹಳೆಯ ಕಿವಿ ಕೂಡಿಕೊಂಡಿತು. ತುಂಬಿದ ಕೋಣೆಯಲ್ಲಿ ಹಡಗು ದಡ ಸೇರಿತು, ಮುತ್ತುಗಳು ಮರಳಿ ನೀರಿಗೆ ಹೋದವು, ಮಂಗಳವಾಯಿತು. ಹೂಂಕಾರಪ್ಪ ಮಾತ್ರ ಒಮ್ಮೆಯೂ ಉಸಿರೆತ್ತಲಿಲ್ಲ. ಶಾರ್ವರಿ ಕಳವಳದಿಂದ ಫಲಕ ತೆರೆದಳು: ಕೇಳಿಸುತ್ತಿದೆಯೆ?

ಕೇಳಿಸುತ್ತಿದೆ. ಹೂಂ ಅನ್ನುವವರು ಇದ್ದಾರೆ. ನಾನು ಸುಮ್ಮನೆ ಕೇಳುತ್ತಿದ್ದೇನೆ.

ಯಾರೂ ಅನ್ನದಿದ್ದರೆ ಮಾತ್ರ ನೀನು ಅನ್ನು ಎಂದು ಅಜ್ಜ ಅವನಿಗೆ ಕಲಿಸಿದ್ದ. ಅವನ ಆಯುಸ್ಸಿನಲ್ಲಿ ಹಾಗೆ ಸುಮ್ಮನೆ ಕುಳಿತು ಪದ ಕೇಳುವ ಭಾಗ್ಯ ಇದೇ ಮೊದಲು.

ಜನ ಎದ್ದು ಹೋದ ಮೇಲೆ ಶಾರ್ವರಿ ಮೆಲ್ಲನೆ ಮಾತು ತೆಗೆದಳು. ಹಳೆಯ ಕರ್ಣ ಬೇಡಿದ್ದ ಉಳಿದ ಅತಿಥಿಗಳೆಲ್ಲ ಆಗಲೇ ಹೊಸದನ್ನು ಕಲಿತಾಗಿತ್ತು. ಇವನೊಬ್ಬನಿಗಾಗಿ ಅದನ್ನು ಸಾಕಿಕೊಂಡಿರುವುದು ಮೇಲಿನವರಿಗೆ ಒಪ್ಪಿಗೆಯಿರಲಿಲ್ಲ. ಅತಿಥಿಯನ್ನು ಮತ್ತೆ ಏಳದ ಹಾಗೆ ಮಲಗಿಸಲು ಮನೆಯವರ ಮಾತು ಬೇಕಿತ್ತು.

“ಸಾತಮ್ಮ, ಹೂಂ ಅನ್ನುವ ಜನ ಈಗ ನಿಮಗಿದ್ದಾರೆ. ಇವನ ಅಗತ್ಯ ಇನ್ನಿಲ್ಲ. ಮಲಗಿಸಿಬಿಡ್ಲಾ? ಒಂದು ಮಾತು ಹೂಂ ಅನ್ನಿ.”

“ಇಲ್ಲ,” ಎಂದಳು ಸಾತಮ್ಮ. “ಅನ್ನೂದಿಲ್ಲ. ಪದ ಕೇಳೂಕೆ ಕೂತವನನ್ನ ನಾ ಎಬ್ಬಿಸಿ ಕಳಿಸೂದಿಲ್ಲ.”